ಇನ್ಸ್‌ಬ್ರುಕ್‌ನಲ್ಲಿ ಲೊಚಗುಟ್ಟಿದ ಕನ್ನಡಿ

ಇವತ್ತಿಗೂ ನಮ್ಮ ಹಾಸನದ ಮನೆಯಲ್ಲಿ ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಲೊಚಗುಟ್ಟಿದರೆ ನನ್ನ ಕೈ ಒಂದು ಕ್ಷಣ ನಿಂತುಬಿಡುತ್ತದೆ. ಕೈಯಲ್ಲಿ ಕಾಫಿ ಲೋಟವಿರಲಿ, ಸ್ವೆಟರ್ ಹೆಣೆಯುವ ಕಡ್ಡಿಯಿರಲಿ. ಚನ್ನರಾಯಪಟ್ಟಣದ ನನ್ನ ತವರಿನಲ್ಲಿ ಕಣ್ಣುಬಿಟ್ಟಾಗಿನಿಂದ ಕೇಳಿದ ಸದ್ದು ಅದು. ಆದರೆ ಈಗ ನೆನಪಾಗುವುದು ತವರಲ್ಲ. ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ಎನ್ನುವ ಊರಿನಲ್ಲಿ, ನೆಲಮಾಳಿಗೆಯ ಒಂದು ಕೋಣೆ. ಅಲ್ಲಿ ಮೂಲೆಯಲ್ಲಿಟ್ಟಿದ್ದ ಅಂಗೈಯಗಲದ ಕಪ್ಪು ಸ್ಪೀಕರ್. ಅದರಿಂದ ಬರುತ್ತಿದ್ದ ‘ಟಿಚ್… ಟಿಚ್… ಟಿಚ್.’

ಮನೆಹಲ್ಲಿ ಎಂಬುದನ್ನೇ ಕಾಣದ ಊರಿನಲ್ಲಿ ಹಲ್ಲಿಯ ಸದ್ದು. ಅದನ್ನು ಹೊರಡಿಸುತ್ತಿದ್ದುದು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕನ್ನಡಿ. ಆ ಕನ್ನಡಿಯನ್ನು ಮಾಡಿದವಳು ನನ್ನ ಸ್ಟೂಡೆಂಟ್ ಗೌತಮಿ.

ಹಾಸನ

ನಾನು ಹೊಳೆನರಸೀಪುರದ ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ರಿಟೈರ್ ಆದವಳು. ಗೌತಮಿ ಹಳೇಕೋಟೆಯ ಅಜ್ಜಿಯ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ಬಂದುಹೋಗಿ ಓದುತ್ತಿದ್ದ ಹುಡುಗಿ. ಅವಳಪ್ಪ ಅರಕಲಗೂಡಿನ ಒಂದು ಸರ್ಕಾರಿ ಆಫೀಸಿನಲ್ಲಿ ಅಟೆಂಡರ್. ಅವ್ವ ರತ್ನಮ್ಮ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಲ್ಲಿ ಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದವರು. ಕ್ಲಾಸಿನಲ್ಲಿ ಗೌತಮಿಗೆ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರುತ್ತಿತ್ತು, ಆದರೆ ಕೈ ಎತ್ತುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿದ್ದುದನ್ನು ನೋಡಿ ನಾನೇ ತಿಳಿದುಕೊಳ್ಳಬೇಕು. ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮನ್ನು ಬೆಳೆಸಿದ್ದೇ ಹಾಗೆ: ಗೊತ್ತಿದ್ದರೆ ಕೈ ಎತ್ತು, ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚು, ಎರಡಕ್ಕೂ ಬೆನ್ನು ನೆಟ್ಟಗಿರಲಿ. “ಗೌತಮಿ, ಪುಟ್ ಅಪ್ ಯುವರ್ ಹ್ಯಾಂಡ್” ಎಂದು ಎರಡು ವರ್ಷ ಹೇಳಿ ಹೇಳಿ ಸೋತೆ. ಕೈ ಎತ್ತದೆಯೇ ಅವಳು ಮೈಸೂರು ದಾಟಿ, ಸಮುದ್ರ ದಾಟಿ ಇನ್ಸ್‌ಬ್ರುಕ್‌ಗೆ ರಿಸರ್ಚ್ ಮಾಡಲು ಹೋದಳು.

ಹೋದ ವರ್ಷ ಒಂದು ಬೆಳಿಗ್ಗೆ ಅವಳ ಫೋನು ಬಂತು.

“ಮಿಸ್, ಅವ್ವನ್ನ ಇಲ್ಲಿಗೆ ಕರ್ಕೊಂಡು ಬರ್ತೀರಾ? ಅವಳೊಬ್ಬಳಿಗೇ ಆಗಲ್ಲ.”

“ಏನಮ್ಮಾ ಇದ್ದಕ್ಕಿದ್ದ ಹಾಗೆ? ಈಸ್ ಎವೆರಿಥಿಂಗ್ ಆಲ್‌ರೈಟ್?”

ಅವಳ ಕಡೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ಹೇಳಿದಳು. “ಕೈ ನಡುಗ್ತಾ ಇದೆ ಮಿಸ್. ಬಲಗೈ. ಅವ್ವಂಗೆ ಹೇಳ್ಬೇಡಿ.”

ಅವಳಪ್ಪನಿಗೂ ಹಾಗೆಯೇ ಶುರುವಾಗಿತ್ತು. ಮೊದಲು ಕಾಫಿಯ ಸಾಸರ್ ಟಕಟಕ ಎಂದಿತು, ಆಮೇಲೆ ಆಫೀಸಿನ ಟ್ರೇ, ಆಮೇಲೆ ಇಡೀ ಮೈ. ಅವರ ಮನೆಯಲ್ಲಿ ಅವರಿಗೆಂದೇ ಲೋಟಕ್ಕೆ ಅರ್ಧ ಮಾತ್ರ ನೀರು ಹಾಕುತ್ತಿದ್ದರು. ಅವರು ತೀರಿಕೊಂಡ ದಿನ ನಾನು ಅರಕಲಗೂಡಿಗೆ ಹೋಗಿದ್ದೆ. ಹಿರಿಯ ಹೆಂಗಸರು ಬಳೆ ಒಡೆಯಲು ರತ್ನಮ್ಮನ ಕೈ ಹಿಡಿದಾಗ, ಬುದ್ಧನ ಪಟದ ಕೆಳಗೆ ಕೂತಿದ್ದ ಗೌತಮಿ ಎದ್ದು ಬಂದು ಅವ್ವನ ಎರಡೂ ಕೈಗಳನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡಳು. “ಓಗಿರೋದು ಅಪ್ಪ. ಅವ್ವನ ಕೈ ಏನ್ ತಪ್ ಮಾಡೈತೆ? ಯಾರೂ ಮುಟ್ಬ್ಯಾಡಿ” ಎಂದಳು. ಯಾರೂ ಮುಟ್ಟಲಿಲ್ಲ. ಗಂಡನನ್ನು ಕಳೆದುಕೊಂಡು ನನ್ನ ಕೈ ಬರಿದಾಗಿ ಆಗಲೇ ಬಹಳ ವರ್ಷವಾಗಿತ್ತು. ಅಂದು ನನಗಾಗಿ ಹಾಗೆ ಎದ್ದು ಬಂದವರು ಯಾರೂ ಇರಲಿಲ್ಲ ಎನ್ನುವುದು ಅಲ್ಲಿ ನಿಂತಾಗ ನೆನಪಾಯಿತು.

ಹೊರಡುವ ಹಿಂದಿನ ಸಂಜೆ ರತ್ನಮ್ಮ ಹಾಸನದ ನಮ್ಮ ಮನೆಗೆ ಬಂದು ಉಳಿದರು. ಪ್ರಯಾಣಕ್ಕೆಂದು ಅರಕಲಗೂಡಿನಲ್ಲಿ ಹೊಸ ಗಾಜಿನ ಬಳೆ ತೊಡಿಸಿಕೊಂಡಿದ್ದರು, ಹಸಿರು ಕೆಂಪು ಬೆರೆಸಿ, ಎರಡೂ ಕೈ ತುಂಬ. ನಾನು ವಿಭೂತಿ ಗಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗಿಡುತ್ತಿದ್ದೆ.

“ನನ್ ಮಗ ಚೆಂದಾಗವ್ಳೆ ಅಲ್ವಾ ಮೇಡಮ್ಮೋರೇ?” ಎಂದರು.

“ಚೆನ್ನಾಗೇ ಇದ್ದಾಳೆ ರತ್ನಮ್ಮ” ಎಂದೆ.

ಮೇಲಿನಿಂದ ಹಲ್ಲಿ ಲೊಚಗುಟ್ಟಿತು. ನಮ್ಮ ಕಡೆ ಮಾತಿನ ಮಧ್ಯೆ ಹಲ್ಲಿ ನುಡಿದರೆ ಆಡಿದ ಮಾತು ಸತ್ಯವೆಂದು ಲೆಕ್ಕ. ಹತ್ತಿರವಿದ್ದ ಗೋಡೆಯನ್ನೋ ನೆಲವನ್ನೋ ಬೆರಳ ಗೆಣ್ಣಿನಿಂದ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನಬೇಕು. ರತ್ನಮ್ಮ ಗೋಡೆ ಕುಟ್ಟಿದರು. “ನೋಡಿ, ಹಲ್ಲಿನೂ ಅದೇ ಯೋಳ್ತು. ನಮ್ಮೋರು ಇದ್ದಾಗ ಕುಟ್ಟಕ್ ಬುಡ್ತಿರ್ಲಿಲ್ಲ. ಬುದ್ಧನ್ ಮನೇಲಿ ಹಲ್ಲಿ ಮಾತ್ ಕೇಳ್ತೀಯಾ ಅಂತ ಬಯ್ಯೋರು. ಈಗ ಕುಟ್ಕತೀನಿ, ಯಾರ್ ಬಯ್ಯೋರವ್ರೆ?”

ನನ್ನ ಸುಳ್ಳಿಗೆ ಹಲ್ಲಿ ಸಾಕ್ಷಿ ಹೇಳಿತ್ತು. ವಿಭೂತಿ ಗಟ್ಟಿ ಬ್ಯಾಗಿನೊಳಗೆ ಎಲ್ಲಿ ಹೋಯಿತೋ, ಇನ್ಸ್‌ಬ್ರುಕ್‌ನಲ್ಲಿ ಬ್ಯಾಗು ಕೊಡವುವವರೆಗೂ ಸಿಗಲಿಲ್ಲ.

ಚನ್ನರಾಯಪಟ್ಟಣ

“ನಮ್ ಹಾಸನದ್ದೇ ಬೂವನಹಳ್ಳಿ ಏರ್‌ಪೋರ್ಟ್ ಆಗಿದ್ರೆ ನಿಮ್ಗೆ ಬೆಂಗ್ಳೂರ್ ತಂಕ ತಾಪತ್ರಯನೇ ಇರ್ತಿರ್ಲಿಲ್ಲ, ಮೇಡಂ” ಎಂದ ಟ್ಯಾಕ್ಸಿಯ ಡ್ರೈವರ್.

“ಆಗೋದ್ರೊಳ್ಗೆ ನಾವು ಬ್ಯಾರೆ ಇಮಾನ ಅತ್ತಿರ್ತೀವಿ ಕಣಪ್ಪ, ಟಿಕೀಟಿಲ್ದೆ” ಎಂದರು ರತ್ನಮ್ಮ. ಡ್ರೈವರ್ ನಕ್ಕ. ನನಗೆ ನಗು ಬರಲಿಲ್ಲ.

ಚನ್ನರಾಯಪಟ್ಟಣದಲ್ಲಿ ಟೀಗೆ ನಿಲ್ಲಿಸಿದೆವು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಹೋಗುತ್ತಿದ್ದ ಬಳೆ ಅಂಗಡಿ ಅಲ್ಲೇ ಹತ್ತಿರದಲ್ಲಿತ್ತು, ಈಗ ಮೊಬೈಲ್ ಅಂಗಡಿಯಾಗಿದೆ. ಆ ಅಂಗಡಿಯ ಎರಡು ಗೋಡೆಗೂ ಎದುರುಬದುರು ಕನ್ನಡಿ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಕೊನೆಗೆ ಹಸಿರು ಮಬ್ಬಿನಲ್ಲಿ ಸಣ್ಣಗಾಗುತ್ತಾ ಹೋಗುವ ಅಮ್ಮಂದಿರ ಸಾಲು. ಮಗಳು ಮಾಡುವ ಕೆಲಸವೇನೆಂದು ರತ್ನಮ್ಮ ಕೇಳಿದಾಗ ಅದೇ ನನ್ನ ಸಹಾಯಕ್ಕೆ ಬಂತು.

“ಎದುರುಬದುರು ಎರಡು ಕನ್ನಡಿ, ರತ್ನಮ್ಮ. ನಡುವೆ ಬೆಳಕನ್ನ ಕೂಡಿಹಾಕ್ತಾರೆ. ಅದು ಅತ್ತಿಂದಿತ್ತ ಸಾವಿರ ಸಲ ಓಡಾಡುತ್ತೆ. ಒಂದು ಕನ್ನಡಿ ಗಟ್ಟಿಯಾಗಿ ಕೂತಿರುತ್ತೆ. ಇನ್ನೊಂದು ತೀರಾ ಸಣ್ಣದು, ತೆಳ್ಳಗಿನ ಪಟ್ಟಿ ಮೇಲೆ ಅಂಟಿಸಿರ್ತಾರೆ, ಅಲ್ಲಾಡುತ್ತೆ. ಬೆಳಕು ಬಂದು ತಾಗಿದರೂ ಅಲ್ಲಾಡುತ್ತೆ. ಗೌತಮಿ ಮಾಡೋದು ಆ ಅಲ್ಲಾಡೋ ಕನ್ನಡಿ.”

“ಬೆಳಕು ತಾಗಿದ್ರೆ ಯಾತಾದ್ರೂ ಅಲ್ಲಾಡ್ತದಾ? ನಮ್ಮನೆ ಮ್ಯಾಲೆ ಇಷ್ಟ್ ಬಿಸ್ಲು ಬೀಳ್ತದಲ್ಲಾ?”

“ಅಲ್ಲಾಡುತ್ತೆ, ನಮಗೆ ಗೊತ್ತಾಗಲ್ಲ. ಅದು ಗೊತ್ತಾಗೋ ಅಷ್ಟು ಹಗುರ ಇರಬೇಕು ಕನ್ನಡಿ. ಅಷ್ಟು ಸಣ್ಣ ವಸ್ತುವಿನ ರೂಲ್ಸೇ ಬೇರೆ. ಅದನ್ನ ಕ್ವಾಂಟಮ್ ಅಂತಾರೆ.”

ರತ್ನಮ್ಮ ಟೀ ಲೋಟವನ್ನೇ ನೋಡುತ್ತಾ ಕೇಳಿದರು. “ಅಷ್ಟ್ ಸಣ್ಣದ್ನ ಯಾವುದ್ರಲ್ಲಿ ಇಡ್ಕತಾಳೆ?”

“ಕೈಯಲ್ಲೇ” ಎಂದುಬಿಟ್ಟೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆಕಾಶ

ವಿಮಾನದಲ್ಲಿ ರತ್ನಮ್ಮ ಸೀಟ್‌ಬೆಲ್ಟ್ ಬಿಚ್ಚಲಿಲ್ಲ. ಪಕ್ಕದ ಜರ್ಮನ್ ಮನುಷ್ಯ ಟಾಯ್ಲೆಟ್ಟಿಗೆ ಹೋಗಬೇಕೆಂದು ಎದ್ದಾಗ ಬೆಲ್ಟ್ ಸಮೇತ ಕಾಲೆತ್ತಿ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ದಾರಿ ಬಿಟ್ಟರು. ಅವನಿಗೆ ಅದೆಷ್ಟು ಹಿಡಿಸಿತೆಂದರೆ ಮುಂದಿನ ಸಲ ತಾನೂ ಹಾಗೆ ಕೂರಲು ಹೋಗಿ ಮೊಣಕಾಲು ಸಿಕ್ಕಿಸಿಕೊಂಡ. ರತ್ನಮ್ಮ ಎರಡೂ ಕೈಯಲ್ಲಿ ಅವನ ಕಾಲು ಬಿಡಿಸಿದರು. “ಇಷ್ಟುದ್ದ ಕಾಲ್ ಕೊಟ್ಟವ್ನೆ ದ್ಯಾವ್ರು, ಮಡ್ಸಕ್ ಯೋಳ್ಕೊಟ್ಟಿಲ್ಲ.”

ಆಮೇಲೆ, ಎಲ್ಲರೂ ಊಟ ಮುಗಿಸಿ ಸುಮ್ಮನಾದಾಗ, ಇದ್ದಕ್ಕಿದ್ದಂತೆ ಹೇಳಿದರು. “ಆರ್ ತಿಂಗ್ಳಿಂದ ನನ್ ಮಗ ಫೋನ್ ಕೈಲಿ ಇಡ್ಕಂಡೇ ಮಾತಾಡಿಲ್ಲ, ಮೇಡಮ್ಮೋರೇ. ಯಾವುದಕ್ಕೋ ಒರಗ್ಸಿಟ್ಟು ದೂರ ಕೂತ್ಕತಾಳೆ. ಯಾಕ್ ಮಗಾ ಅಂದ್ರೆ, ಕೆಲ್ಸ ಮಾಡ್ತಾ ಮಾತಾಡ್ತೀನಿ ಅಂತಾಳೆ. ಕೆಲ್ಸ ಮಾಡೋದ್ ಕಾಣಲ್ಲ.”

ನಾನು ಕಿಟಕಿಯ ಕಡೆ ತಿರುಗಿದೆ. ಅವರು ಮುಂದೇನೂ ಕೇಳಲಿಲ್ಲ. ಗಂಡನ ಜೊತೆ ಅಷ್ಟು ವರ್ಷ ಬಾಳಿದವರಿಗೆ ಕೇಳುವುದಕ್ಕೇನಿತ್ತು?

ಇನ್ಸ್‌ಬ್ರುಕ್

ಮ್ಯೂನಿಕ್‌ನಲ್ಲಿ ಇಳಿದು ರೈಲು ಹತ್ತಿ ಹೋಗಬೇಕು. ಇನ್ಸ್‌ಬ್ರುಕ್ ನಮ್ಮ ಹಾಸನಕ್ಕಿಂತ ದೊಡ್ಡದೇನೂ ಅಲ್ಲವೆಂದು ಕಾಣುತ್ತದೆ. ಆದರೆ ಸುತ್ತಲಿನ ಬೆಟ್ಟಗಳು ರಸ್ತೆಯ ಕೊನೆಗೇ ಬಂದು ನಿಂತಿರುತ್ತವೆ, ಯಾವ ತಿರುವಿನಲ್ಲಿ ತಲೆ ಎತ್ತಿದರೂ ಹಿಮ. ಊರ ಮಧ್ಯೆ ಇನ್ ಎಂಬ ನದಿ, ಮಜ್ಜಿಗೆಗೆ ಒಂದಿಷ್ಟು ಹಸಿರು ಬೆರೆಸಿದ ಬಣ್ಣ. ಹೊಳೆನರಸೀಪುರದಲ್ಲಿ ಹೇಮಾವತಿ ತುಂಬಿದಾಗ ಸೇತುವೆಯ ಮೇಲೆ ಜನ ನಿಂತು ಗಲಗಲ ಮಾತಾಡುತ್ತಾರಲ್ಲ, ಇಲ್ಲಿ ಸೇತುವೆ ತುಂಬ ಜನ, ಮಾತೇ ಇಲ್ಲ. ಟ್ರಾಮಿನಲ್ಲೂ ಇಲ್ಲ. ರತ್ನಮ್ಮನ ಬಳೆ ಸದ್ದಾದರೆ ಇಡೀ ಟ್ರಾಮು ತಿರುಗಿ ನೋಡುತ್ತಿತ್ತು. ಆದರೆ ಅಂಗಡಿಯ ಬಾಗಿಲು ತಳ್ಳಿದರೆ ಸಾಕು, ಪರಿಚಯವಿಲ್ಲದವರೂ ‘ಗ್ರ್ಯೂಸ್ ಗಾಟ್’ ಎನ್ನುತ್ತಾರೆ. ದೇವರ ಹೆಸರು ಹೇಳಿ ನಮಸ್ಕಾರ. ಅದನ್ನು ಕೇಳಿದರೆ ನನಗೆ ಕಾನ್ವೆಂಟಿನ ವರಾಂಡದಲ್ಲಿ ಸಿಸ್ಟರ್‌ಗಳಿಗೆ ಗುಡ್ ಮಾರ್ನಿಂಗ್ ಹೇಳುತ್ತಾ ನಿಂತ ಹಾಗಾಗುತ್ತಿತ್ತು.

ಸ್ಟೇಷನ್ನಿಗೆ ಬಂದಿದ್ದ ಗೌತಮಿ ಕೈ ಎರಡನ್ನೂ ಜಾಕೆಟ್ಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಕೆನ್ನೆ ಇಳಿದಿತ್ತು. ಅವ್ವನನ್ನು ಭುಜದಿಂದಲೇ ಅಪ್ಪಿದಳು. ರತ್ನಮ್ಮ ಮಗಳ ಬೆನ್ನು ಸವರಿದರೇ ಹೊರತು ಜೇಬಿನ ಕಡೆ ನೋಡಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಅವಳು ನೀರಿನ ಲೋಟಕ್ಕೆ ಕೈ ಹಾಕಿದಳು. ರತ್ನಮ್ಮ ಮೆಲ್ಲಗೆ ಅದನ್ನು ಎಳೆದುಕೊಂಡು, ಅರ್ಧ ನೀರನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಮತ್ತೆ ಮಗಳ ಮುಂದಿಟ್ಟರು.

ಗೌತಮಿ ಲೋಟ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

“ನಾನು ಹೇಳಿಲ್ಲಮ್ಮ” ಎಂದೆ.

“ಅವ್ರೇನೂ ಯೋಳಿಲ್ಲ ಕಣ್ ಮಗಾ” ಎಂದರು ರತ್ನಮ್ಮ. “ಡಾಕ್ಟ್ರುನ್ನ ಕಂಡಾ?”

“ಬರ್ಕೊಂಡಿದೀನಿ ಅವ್ವ. ಇಲ್ಲಿ ತಿಂಗಳುಗಟ್ಲೆ ಕಾಯ್ಬೇಕು. ನೀವು ಹೊರಟ ಮೇಲೆ ಬರುತ್ತೆ ನನ್ ಸರದಿ.”

“ಹಾಸನದಲ್ಲಾಗಿದ್ರೆ ಬೆಳಿಗ್ಗೆ ಟೋಕನ್ ತಗೊಂಡು ಸಂಜೆಗೆ ತೋರಿಸ್ಕೊಂಡು ಬರಬಹುದಿತ್ತು” ಎಂದೆ. ಅದನ್ನು ಹೇಳಿ ಯಾರಿಗೂ ಉಪಕಾರವಾಗಲಿಲ್ಲ.

“ಅಪ್ಪಂದೇ ಇರ್ಬೋದಾ ಅವ್ವ?” ಎಂದಳು ಗೌತಮಿ. ರತ್ನಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಮಗಳ ತಟ್ಟೆಗೆ ಇಡುತ್ತಾ ಹೋದರು.

ಫ್ಯೋನ್

ಅಲ್ಲಿ ದಕ್ಷಿಣದ ಬೆಟ್ಟಗಳಿಂದ ಒಂದು ಬೆಚ್ಚನೆ ಗಾಳಿ ಇಳಿದು ಬರುತ್ತದೆ. ಅದರ ಹೆಸರು ಫ್ಯೋನ್. ತಲೆನೋವು ಬಂದರೆ ಫ್ಯೋನ್, ಗಂಡಹೆಂಡತಿ ಜಗಳವಾಡಿದರೆ ಫ್ಯೋನ್, ಮಕ್ಕಳು ಲೆಕ್ಕ ತಪ್ಪಿದರೆ ಫ್ಯೋನ್. ಓದಿದವರು, ಓದದವರು ಎಲ್ಲರೂ ಹೀಗೆಯೇ. ಗೌತಮಿಯ ಲ್ಯಾಬಿನ ಇಂಜಿನಿಯರ್ ಲೂಕಾಸ್ ಎನ್ನುವವರು, ಮೀಸೆ ನೆರೆತ ಗಂಭೀರ ಮನುಷ್ಯ, ನಮ್ಮನ್ನು ನೋಡಲು ಮನೆಗೆ ಬಂದಾಗ ಬಾಗಿಲಲ್ಲೇ ಆಕಾಶ ನೋಡಿ ಹೇಳಿದರು, “ಇವತ್ತು ಫ್ಯೋನ್ ಇದೆ. ಇವತ್ತು ಯಾರೂ ಏನನ್ನೂ ಅಂಟಿಸಬಾರದು.”

ನಾನು ಅದನ್ನು ರತ್ನಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರ ಮುಖ ಅರಳಿತು. “ಅಂಗಾದ್ರೆ ಇಲ್ಲೂ ರಾಹುಕಾಲ ಐತೆ ಅನ್ನಿ.”

ಅಂಟಿಸಬೇಕಿದ್ದದ್ದು ಆ ಕನ್ನಡಿಯನ್ನು. ಲೂಕಾಸ್ ಹೋದ ಮೇಲೆ ಗೌತಮಿ ವಿವರಿಸಿದಳು. ಈ ಕನ್ನಡಿಗಳು ಮೆಷೀನಿನಲ್ಲಿ ಪದರ ಪದರವಾಗಿ ತಯಾರಾಗಿ ಬರುತ್ತವೆ, ಆದರೆ ಒಂದೊಂದನ್ನೂ ಎತ್ತಿ ತೆಳ್ಳನೆ ಪಟ್ಟಿಯ ತುದಿಗೆ ಕೂರಿಸಿ ಅಂಟಿಸುವುದು ಮನುಷ್ಯರ ಕೈಯೇ. ಚಿಮಟದಲ್ಲಿ ಹಿಡಿದರೆ ಮುರಿಯುತ್ತದೆ. ಅದಕ್ಕೆ ಅವಳು ತನ್ನದೇ ಕಣ್ಣುರೆಪ್ಪೆಯ ಒಂದು ಕೂದಲನ್ನು ಹಲ್ಲುಕಡ್ಡಿಯ ತುದಿಗೆ ಅಂಟಿಸಿಕೊಂಡಿದ್ದಳು. ಆ ಕೂದಲ ತುದಿಯಿಂದಲೇ ಕನ್ನಡಿಯನ್ನು ಎತ್ತುವುದು, ತಳ್ಳುವುದು. ಕೈ ನಡುಗಲು ಶುರುವಾದಾಗಿನಿಂದ ಒಂದೊಂದಾಗಿ ಎಲ್ಲ ಒಡೆದುಹೋಗಿದ್ದವು. ಇನ್ನು ಒಂದೇ ಒಂದು ಉಳಿದಿತ್ತು. ಅದೂ ಹೋದರೆ ಹೊಸದು ತಯಾರಾಗುವಷ್ಟರಲ್ಲಿ ಅವಳು ಅಲ್ಲಿರುವ ಅವಧಿಯೇ ಮುಗಿಯುತ್ತಿತ್ತು.

“ಲೂಕಾಸ್ ತಾನು ಕೂರಿಸ್ತೀನಿ ಅಂದ್ರು, ಮಿಸ್. ನಾನೇ ಬೇಡ ಅಂದೆ.”

“ವೈ, ಮೈ ಚೈಲ್ಡ್?”

“ಅವರು ಮಾಡಿದ್ರೆ ಕನ್ನಡಿ ಉಳಿಯುತ್ತೆ. ನನ್ ಕೈ ಏನಾಗಿದೆ ಅಂತ ನಂಗೆ ಗೊತ್ತಾಗಲ್ಲ.”

ಆ ಭಾನುವಾರ ರತ್ನಮ್ಮ ಬೆಳ್ಳುಳ್ಳಿ ಚಟ್ನಿಗೆಂದು ಕಲ್ಲಿನಲ್ಲಿ ಕುಟ್ಟುತ್ತಿದ್ದಾಗ ಕೆಳಮನೆಯ ಮುದುಕಿ ಬಂದು ಬೆಲ್ ಮಾಡಿ, ತುಂಬ ವಿನಯದಿಂದ, ಭಾನುವಾರ ಇಲ್ಲಿ ಯಾರೂ ಏನನ್ನೂ ಕುಟ್ಟುವುದಿಲ್ಲ ಎಂದು ತಿಳಿಸಿಹೋದರು. “ಅಂಟುಸ್ಬಾರ್ದು, ಕುಟ್ಬಾರ್ದು. ಈ ಊರಾಗೆ ಇನ್ನೇನ್ ಮಾಡ್ಬೋದು ಅಂತ ಒಂದ್ ಬೋರ್ಡ್ ಆಕ್ಬುಡ್ಲಿ” ಎಂದರು ರತ್ನಮ್ಮ. ಎಷ್ಟೋ ದಿನದ ಮೇಲೆ ಗೌತಮಿ ನಕ್ಕಳು. ನಗುವಾಗಲೂ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಇದ್ದಳು.

ಬಳೆ

ಗಾಳಿ ನಿಂತ ದಿನ ಲೂಕಾಸ್ ಫೋನ್ ಮಾಡಿದರು. ಅವ್ವನೂ ಮಿಸ್ಸೂ ಜೊತೆಯಲ್ಲಿರಬೇಕೆಂದು ಗೌತಮಿ ಮೊದಲೇ ಕೇಳಿಕೊಂಡಿದ್ದಳಂತೆ. ಆ ಕೋಣೆಗೆ ಹೋಗಲು ನಮಗೂ ಬಿಳಿ ಅಂಗಿ, ಟೋಪಿ, ಬಾಯಿಗೆ ಮುಸುಕು, ಕೈಗವಸು ಕೊಟ್ಟರು. ನಾನು ಹಣೆಯ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡೆ. ಒಂದು ಕಣ ಧೂಳು ಬಿದ್ದರೂ ಕನ್ನಡಿ ಹಾಳು ಎಂದಿದ್ದರು, ಶಿವ ಅರ್ಥಮಾಡಿಕೊಳ್ಳುತ್ತಾನೆ. ಆಮೇಲೆ ಲೂಕಾಸ್ ರತ್ನಮ್ಮನ ಕೈ ನೋಡಿ, ಕ್ಷಮೆ ಕೇಳುವ ದನಿಯಲ್ಲಿ, ಇವು ಆಗುವುದಿಲ್ಲ ಎಂದರು. ಗಾಜಿನ ಬಳೆ, ಮಿರುಗುವ ಪುಡಿ ಉದುರುತ್ತದೆ, ಕೈಗವಸು ಹರಿಯುತ್ತದೆ.

ನಾನು ಕನ್ನಡದಲ್ಲಿ ಹೇಳಲೇ ಇಲ್ಲ. ರತ್ನಮ್ಮನಿಗೆ ತಿಳಿದಿತ್ತು. ಕೈ ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಒರಗಿದರು.

“ಅವ್ವ, ನೀನು ಹೊರಗೇ ಇರು” ಎಂದಳು ಗೌತಮಿ.

“ಇಷ್ಟ್ ದೂರ ಬಂದು ಬಾಗ್ಲಲ್ ನಿಂತ್ಕಳನಾ?”

“ಅಂಗಾದ್ರೆ ತೆಗೀಬೇಕು.”

“ಅವತ್ತು ಮುಟ್ಬ್ಯಾಡಿ ಅಂದೋಳು ನೀನೇ. ಇವತ್ತು ತೆಗಿ ಅನ್ನೋಳೂ ನೀನೇ.”

ಲೂಕಾಸ್ ನನ್ನ ಮುಖ ನೋಡಿದರು. ನಾನು ಕಾನ್ವೆಂಟಿನ ಇಂಗ್ಲಿಷ್ ಎಲ್ಲವನ್ನೂ ಕೂಡಿಸಿದರೂ ಆ ಒಂದು ವಾಕ್ಯವನ್ನು ಅವರಿಗೆ ತಿಳಿಸುವುದು ಹೇಗೆಂದು ಗೊತ್ತಾಗಲಿಲ್ಲ. “ಇಟ್ ಈಸ್ ಎ ಫ್ಯಾಮಿಲಿ ಮ್ಯಾಟರ್” ಎಂದೆ. ಅವರು ತಲೆಯಾಡಿಸಿ ಬೆನ್ನು ತಿರುಗಿಸಿ ನಿಂತರು.

“ಒಡೆಯಲ್ಲ ಅವ್ವ. ಒಂದನ್ನೂ ಒಡೆಯಲ್ಲ. ತೆಗೆದು ಇಲ್ಲೇ ಡಬ್ಬೀಲಿ ಇಡ್ತೀನಿ, ಬಂದ್ಮ್ಯಾಲೆ ನಾನೇ ತೊಡಿಸ್ತೀನಿ.”

ರತ್ನಮ್ಮ ಗೋಡೆ ಬಿಟ್ಟು ಬಂದು ಕೈ ಚಾಚಿದರು. ಪ್ರಯಾಣದಲ್ಲಿ ಬಾತಿದ್ದ ಕೈ. ಬಳೆ ಬಿಗಿಯಾಗಿದ್ದವು. ಅರಕಲಗೂಡಿನ ಬಳೆ ಅಂಗಡಿಯಲ್ಲಿ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ ಅದರ ಮೇಲೆ ಬಳೆ ಜಾರಿಸುತ್ತಾರೆ. ಗೌತಮಿ ತೆಳ್ಳನೆಯ ಕೈಗವಸೊಂದನ್ನು ಅವ್ವನ ಬೆರಳುಗಳಿಗೆ ತೊಡಿಸಿ, ಅದರ ಅಂಚನ್ನು ಬಳೆಗಳ ಒಳಕ್ಕೆ ತೂರಿಸಿ, ಹೆಬ್ಬೆರಳ ಬುಡವನ್ನು ಅಂಗೈಯ ಒಳಕ್ಕೆ ಒತ್ತಿ ಹಿಡಿದು ಮೊದಲನೆಯ ಬಳೆಯನ್ನು ಜಾರಿಸಿದಳು. ಹಸಿರು. ಅದು ಬಂತು. ಮುಂದಿನದು ಕೆಂಪು. ಗೆಣ್ಣಿನ ಹತ್ತಿರ ನಿಂತುಕೊಂಡಿತು. ಅವಳು ಅವಸರ ಮಾಡಲಿಲ್ಲ. ಚೂರು ಹಿಂದಕ್ಕೆ ಬಿಟ್ಟು, ಕೋನ ಬದಲಾಯಿಸಿ, ಮತ್ತೆ ಮುಂದಕ್ಕೆ. ಬಂತು.

ನಾನು ಬಳೆಯನ್ನು ನೋಡುತ್ತಿದ್ದವಳು ಯಾವಾಗ ಅವಳ ಬೆರಳುಗಳನ್ನು ನೋಡತೊಡಗಿದೆನೋ ತಿಳಿಯದು. ಅವು ನಡುಗುತ್ತಿರಲಿಲ್ಲ. ರತ್ನಮ್ಮನೂ ಅಲ್ಲೇ ನೋಡುತ್ತಿದ್ದರು. ನಮ್ಮಿಬ್ಬರ ಕಣ್ಣು ಒಂದು ಸಲ ಕೂಡಿ ಬೇರೆಯಾದವು. ಉಸಿರು ಬಿಟ್ಟರೆ ಎಲ್ಲಿ ಕೆಟ್ಟೀತೋ ಎನ್ನುವಂತೆ ಇಬ್ಬರೂ ಉಸಿರು ಹಿಡಿದೆವು. ಗೌತಮಿಗೆ ಮಾತ್ರ ಗೊತ್ತಾಗಿರಲಿಲ್ಲ. ಅವಳಿಗೆ ಬಳೆಯ ಮೇಲೇ ಗಮನ.

ಎಡಗೈಯ ಕೊನೆಯ ಹಸಿರು ಬಳೆಯೊಂದು ಬರಲೇ ಇಲ್ಲ. ಅದು ಬರಲಿಲ್ಲವೋ, ಅವಳೇ ಬಿಟ್ಟಳೋ, ನಾನು ಈವರೆಗೂ ಕೇಳಿಲ್ಲ. “ಇದೊಂದಿರ್ಲಿ” ಎಂದಳು. ಲೂಕಾಸ್ ತಿರುಗಿ ಬಂದು, ಏನನ್ನೂ ಕೇಳದೆ, ಬಳೆಯ ಸುತ್ತ ಬಿಳಿ ಟೇಪನ್ನು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಸುತ್ತಿ ಅದರ ಮೇಲೆ ಕೈಗವಸು ಎಳೆದರು.

ಒಳಗೆ ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ನಾವು ಗೋಡೆಯ ಪರದೆಯಲ್ಲಿ ನೋಡುತ್ತಿದ್ದೆವು. ಪರದೆಯ ಮೇಲೆ ಆ ಕಣ್ಣುರೆಪ್ಪೆಯ ಕೂದಲು ತೆಂಗಿನ ಗರಿಯಷ್ಟು ದಪ್ಪ ಕಾಣುತ್ತಿತ್ತು, ಕನ್ನಡಿ ಊಟದ ತಟ್ಟೆಯಷ್ಟು. ಗರಿ ನಡುಗುತ್ತಿತ್ತು. ಒಂದು ಸಲ ಕನ್ನಡಿಯ ಅಂಚಿಗೆ ತಾಗಿ ಜಾರಿತು. ಗೌತಮಿ ತಲೆ ಎತ್ತಿ, ಕಣ್ಣು ಮುಚ್ಚಿ ಕೂತಳು.

ರತ್ನಮ್ಮ ಮುಸುಕಿನ ಹಿಂದಿನಿಂದ ಹೇಳಿದರು. “ಮಗಾ, ಬಳೆ ತೆಗೆವಾಗ ನಿನ್ ಕೈ ನಡುಗ್ಲಿಲ್ಲ ಕಣವ್ವ. ನಾನ್ ನೋಡ್ದೆ.”

ಅವಳು ನನ್ನ ಕಡೆ ನೋಡಿದಳು, ಹೌದಾ ಎಂಬಂತೆ. ಹೌದೆಂದು ತಲೆಯಾಡಿಸಿದೆ.

ಅವಳು ಬಗ್ಗಿದಳು. ಗರಿ ಬಂತು, ನಡುಗಿತು, ಆದರೆ ನಡುಗುತ್ತಲೇ ಬಂದು ಕನ್ನಡಿಯನ್ನು ಎತ್ತಿ ಪಟ್ಟಿಯ ತುದಿಗೆ ಇಳಿಸಿತು. ಲೂಕಾಸ್ ಜರ್ಮನ್‌ನಲ್ಲಿ ಏನೋ ಗೊಣಗಿದರು. ಪ್ರಾರ್ಥನೆಯಿರಬೇಕು, ನಾನು ಕೇಳಲಿಲ್ಲ.

ಟಿಚ್

ಅಂಟು ಒಣಗಬೇಕು. ಅದಕ್ಕೆಂದು ಬಿಟ್ಟ ದಿನಗಳಲ್ಲಿ ನಾವು ಏನು ನೋಡಿದೆವೋ ನೆನಪಿಲ್ಲ. ಒಂದು ಚರ್ಚು, ಒಂದು ಬಂಗಾರದ ಚಾವಣಿ. ಗೌತಮಿ ಮಾತ್ರ ಹೇಳಿದ್ದನ್ನೇ ಹೇಳುತ್ತಿದ್ದಳು: “ಇಳಿಸುವಾಗ ನಡುಗ್ತಲ್ಲ ಮಿಸ್, ಅಂಟು ಸರಿಯಾಗಿ ಹಿಡಿದಿಲ್ಲ ಅನ್ಸುತ್ತೆ. ಒಂದು ಸಣ್ಣ ಏಟಿಗೆ ಬಿದ್ದುಹೋಗುತ್ತೆ.”

ಪರೀಕ್ಷೆಯ ದಿನ ಅದೇ ನೆಲಮಾಳಿಗೆಯ ಇನ್ನೊಂದು ಕೋಣೆ. ಅಲ್ಲಿ ಬಿಳಿ ಅಂಗಿ ಬೇಡ, ಬಳೆಗೂ ಅಡ್ಡಿಯಿಲ್ಲ. ರತ್ನಮ್ಮ ಕೈತುಂಬ ತೊಟ್ಟುಕೊಂಡೇ ಬಂದಿದ್ದರು, ಮಗಳೇ ತೊಡಿಸಿದ್ದಳು. ಕೋಣೆಯ ಮಧ್ಯೆ ಒಂದು ಭಾರಿ ಉಕ್ಕಿನ ಟೇಬಲ್, ಅದರ ಕಾಲುಗಳಲ್ಲಿ ಗಾಳಿ ತುಂಬಿ ತೇಲಿಸಿರುತ್ತಾರೆ. ಹೊರಗೆ ಟ್ರಾಮ್ ಹೋದರೂ ಒಳಗಿನ ಕನ್ನಡಿಗಳಿಗೆ ಗೊತ್ತಾಗಬಾರದು. ಲೂಕಾಸ್ ಬಾಗಿಲಲ್ಲೇ ಹೇಳಿದ್ದರು: ಎಲ್ಲಿ ಬೇಕಾದರೂ ನಿಲ್ಲಿ, ಟೇಬಲ್ ಮಾತ್ರ ಮುಟ್ಟಬೇಡಿ. ನಾನು ಅದನ್ನು ಕನ್ನಡದಲ್ಲೂ ಹೇಳಿದ್ದೆ.

ಕನ್ನಡಿ ಹಿಂದೆ ಮುಂದೆ ಸರಿಯುವಾಗ, ಎರಡು ಕನ್ನಡಿಗಳ ನಡುವಿನ ಅಂತರ ಬೆಳಕಿಗೆ ಒಪ್ಪುವ ಜಾಗಕ್ಕೆ ಬಂದ ಕೂಡಲೇ ಒಳಗೆ ಬೆಳಕು ತುಂಬಿ ಮಿಂಚುತ್ತದಂತೆ. ಆ ಮಿಂಚನ್ನು ಕಿವಿಗೂ ಕೇಳಿಸಲೆಂದು ಸ್ಪೀಕರ್. ಗೌತಮಿ ಸ್ವಿಚ್ ಒತ್ತಿದಳು. ಬರೀ ಗಾಳಿಯ ಸದ್ದು. ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಇಲ್ಲ. ಇನ್ನೊಂದನ್ನು ತಿರುಗಿಸಿದಳು. ಇಲ್ಲ. ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

ರತ್ನಮ್ಮನಿಗೆ ತಡೆಯಲಾಗಲಿಲ್ಲ. “ಆಯ್ತದೆ ಕಣ್ ಮಗಾ. ನಿಂಗೇನೂ ಆಗಿಲ್ಲ. ನಿಮ್ಮಪ್ಪಂದು ನಿಂಗ್ ಬಂದಿಲ್ಲ.”

‘ಟಿಚ್’ ಎಂದಿತು ಸ್ಪೀಕರ್.

ರತ್ನಮ್ಮನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಹತ್ತಿರ ಗೋಡೆಯಿರಲಿಲ್ಲ, ಟೇಬಲ್ಲಿತ್ತು. ಬೆರಳ ಗೆಣ್ಣಿನಿಂದ ಟಕಟಕ ಕುಟ್ಟಿ “ಕೃಷ್ಣ ಕೃಷ್ಣ” ಎಂದರು. ಬಳೆಗಳೆಲ್ಲ ಉಕ್ಕಿಗೆ ತಾಗಿ ಝಲ್ಲೆಂದವು.

ಸ್ಪೀಕರ್ ಕರ್ ಎಂದು ಅರಚಿ ನಿಂತುಹೋಯಿತು.

ಲೂಕಾಸ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ನಾನು ಕಣ್ಣು ಮುಚ್ಚಿದೆ. ಐ ಥಾಟ್, ದಟ್ಸ್ ಇಟ್, ಮುಗಿಯಿತು. ಒಂದೇ ಒಂದು ಉಳಿದಿದ್ದ ಕನ್ನಡಿ, ಅದನ್ನೂ ನಾವಿಬ್ಬರು ಮುದುಕಿಯರು ಹಾಸನದಿಂದ ಬಂದು ಬೀಳಿಸಿದೆವು. ರತ್ನಮ್ಮ ತಮ್ಮ ಕೈಯನ್ನು ತಾವೇ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದರು. ಈಗ ನಡುಗುತ್ತಿದ್ದುದು ಅವರ ಕೈ.

ಗಾಳಿಯ ಸದ್ದು ಮೆಲ್ಲನೆ ತಿರುಗಿ ಬಂತು. ಆಮೇಲೆ, ಬಹಳ ಹೊತ್ತಾದಂತೆ ಅನಿಸಿದ ಮೇಲೆ, ‘ಟಿಚ್.’ ಮತ್ತೆ ‘ಟಿಚ್.’ ಮತ್ತೆ.

ಗೌತಮಿ ಪರದೆಯ ಗೆರೆಗಳನ್ನೇ ನೋಡುತ್ತಿದ್ದಳು. “ಅವ್ವ, ಇನ್ನೊಂದ್ಸಲ ಕುಟ್ಟು.”

“ಬ್ಯಾಡ ಕಣವ್ವ, ನನ್ ಕೈಗಿಷ್ಟು—”

“ಕುಟ್ಟವ್ವ.”

ಲೂಕಾಸ್ “ನೈನ್, ನೈನ್” ಎಂದು ಜರ್ಮನ್‌ನಲ್ಲಿ ಬೇಡ ಬೇಡವೆನ್ನುತ್ತಿದ್ದಂತೆಯೇ ರತ್ನಮ್ಮ ಒಂದೇ ಬೆರಳಿನಿಂದ, ಮಲಗಿದ ಕೂಸನ್ನು ಮುಟ್ಟುವ ಹಾಗೆ, ಕುಟ್ಟಿದರು. ಸ್ಪೀಕರ್ ಅರಚಿತು, ನಿಂತಿತು, ಮತ್ತೆ ‘ಟಿಚ್’ ಎಂದಿತು. ಗೌತಮಿ ತಾನೇ ಒಂದು ಸಲ ಕುಟ್ಟಿದಳು. ಅದೇ.

“ಬಿದ್ದಿಲ್ಲ ಮಿಸ್” ಎಂದಳು. ಕಣ್ಣಲ್ಲಿ ನೀರು. “ಅಂಟು ಹಿಡಿದಿದೆ. ಅಲ್ಲಾಡಿದ್ರೆ ತಪ್ಪಿಲ್ಲ, ಅದು ಅಲ್ಲಾಡ್ಲಿ ಅಂತಾನೇ ಮಾಡಿರೋದು. ವಾಪಸ್ ಅದೇ ಜಾಗಕ್ಕೆ ಬರ್ಬೇಕು. ಬರ್ತಾ ಇದೆ.”

ಲೂಕಾಸ್ ಕುರ್ಚಿಯಲ್ಲಿ ಕುಸಿದು ಕೂತು, ಈ ಹೆಂಗಸು ಟೇಬಲ್ಲನ್ನು ಕುಟ್ಟಿದ್ದೇಕೆಂದು ನನ್ನನ್ನು ಕೇಳಿದರು. ನಾನು ಹಲ್ಲಿಯ ವಿಷಯ ಹೇಳಿದೆ. ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, “ಫ್ಯೋನ್ ಇದ್ದ ದಿನವೂ ಅದು ಕೆಲಸ ಮಾಡುತ್ತದೆಯೇ?” ಎಂದರು.

ಸ್ಟೇಷನ್

ಡಾಕ್ಟರು ಹೇಳಿದ್ದು ನಾವು ಹಾಸನಕ್ಕೆ ಬಂದ ಮೇಲೆ ತಿಳಿಯಿತು. ಅಪ್ಪನ ಕಾಯಿಲೆಯ ಗುರುತು ಸದ್ಯಕ್ಕೆ ಕಾಣುವುದಿಲ್ಲ, ಹೆದರಿಕೆಗೂ ನಿದ್ದೆಗೇಡಿಗೂ ಕೈ ಹೀಗೆ ನಡುಗುವುದುಂಟು, ವರ್ಷ ಬಿಟ್ಟು ಮತ್ತೆ ಬಂದು ತೋರಿಸಿ ಎಂದರಂತೆ. ಆ ‘ಸದ್ಯಕ್ಕೆ’ಯನ್ನು ರತ್ನಮ್ಮ ಅರಕಲಗೂಡಿನಲ್ಲೂ ನಾನು ಹಾಸನದಲ್ಲೂ ಇಟ್ಟುಕೊಂಡು ದಿನ ದೂಡುತ್ತಿದ್ದೇವೆ. ಗೌತಮಿ ಈಗ ಫೋನನ್ನು ಕೈಯಲ್ಲೇ ಹಿಡಿದು ಮಾತಾಡುತ್ತಾಳೆ. ಚಿತ್ರ ಅಲ್ಲಾಡುತ್ತದೆ. ಎಲ್ಲರ ಫೋನೂ ಅಲ್ಲಾಡುತ್ತದೆ ಎಂದುಕೊಳ್ಳುತ್ತೇನೆ.

ಅವಳನ್ನು ಕಣ್ಣೆದುರು ಕಡೆಯ ಸಲ ಕಂಡದ್ದು ಇನ್ಸ್‌ಬ್ರುಕ್ ಸ್ಟೇಷನ್ನಿನಲ್ಲಿ, ಆ ಡಾಕ್ಟರರ ಮಾತು ನಮಗಾರಿಗೂ ಇನ್ನೂ ಗೊತ್ತಿಲ್ಲದಾಗ. ನಾವಿಬ್ಬರೂ ರೈಲಿನ ಒಳಗೆ, ಅವಳು ಪ್ಲಾಟ್‌ಫಾರ್ಮಿನಲ್ಲಿ. ಅಲ್ಲಿನ ಕಿಟಕಿಗಳು ತೆರೆಯುವುದಿಲ್ಲ. ಅವಳು ಕೈ ಬೀಸುತ್ತಿದ್ದಳು. ರತ್ನಮ್ಮ ಗಾಜಿಗೆ ಹಣೆಯಿಟ್ಟು, “ಬೀಸ್ಬ್ಯಾಡ ಕಣ್ ಮಗಾ, ಬೀಸ್ಬ್ಯಾಡ” ಎನ್ನುತ್ತಿದ್ದರು. ನನ್ನ ಕಡೆ ತಿರುಗಿ, “ಇಂಗ್ ಬೀಸಿದ್ರೆ ಎಂಗ್ ಗೊತ್ತಾಗ್ಬೇಕು ಮೇಡಮ್ಮೋರೇ, ನಡುಗ್ತದೋ ಇಲ್ವೋ?” ಎಂದರು.

ಹೊರಗೆ ಕೇಳಿಸುವಂತಿರಲಿಲ್ಲ. ಅವ್ವನ ಮುಖ ನೋಡಿ ಅವಳಿಗೆ ಏನು ತಿಳಿಯಿತೋ, ಬೀಸುವುದನ್ನು ನಿಲ್ಲಿಸಿದಳು. ಕೈಯನ್ನು ಕೆಳಗಿಳಿಸಲಿಲ್ಲ. ಬಲಗೈಯನ್ನು ನೇರ ಮೇಲಕ್ಕೆತ್ತಿ, ತೋಳು ಕಿವಿಗೆ ತಾಗುವಂತೆ, ಐದೂ ಬೆರಳು ಬಿಡಿಸಿ ಹಿಡಿದು ನಿಂತಳು. ರೈಲು ಹೊರಟಿತು. ಆ ಕೈ ಹಾಗೆಯೇ ಇತ್ತು.

“ಯೆಸ್, ಗೌತಮಿ” ಎಂದೆ, ಜೋರಾಗಿಯೇ. ಎದುರಿನ ಸೀಟಿನವರು ಪೇಪರಿನಿಂದ ತಲೆ ಎತ್ತಿ ನೋಡಿದರು.